ದೊಡ್ಡವರಿಗೆ ಓವರ್‌ಹಾಲ್, ಸಣ್ಣವರಿಗೆ ಎಕ್ಸ್‌ಚೇಂಜ್

ವಿಜಯಪುರ ಜಿಲ್ಲೆಯ ಕೊಲ್ಹಾರದ ಸುತ್ತಮುತ್ತ ಒಂದು ಮಾತು ಈಗ ಗಾದೆಯಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ: ಹತ್ತು ವರ್ಷ ದಾಟಿದ ಟ್ರ್ಯಾಕ್ಟರ್ ಇಟ್ಟುಕೊಂಡವನ ಮನೆ ಏಳಿಗೆ ಆಗುವುದಿಲ್ಲ. ಅದನ್ನು ತಾನೇ ಬಿಚ್ಚಿ ತಾನೇ ಜೋಡಿಸಿಕೊಳ್ಳುವವನದಂತೂ ಕೈಯೂ ಹೊಲಸು, ಹೆಸರೂ ಹೊಲಸು. ಖಂಡೇ ಪೂಜೆ ಹತ್ತಿರ ಬಂದರೆ ಸಾಕು, ಹೆದ್ದಾರಿಯ ಬದಿಗೆ ಬ್ಯಾನರುಗಳು ಏಳುತ್ತವೆ; ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎಂದು ಕರೆಯುತ್ತವೆ. ಫೈನಾನ್ಸಿನ ಹುಡುಗರು ಚಹದಂಗಡಿಗೇ ಬಂದು ಫಾರ್ಮು ತುಂಬಿಸಿಕೊಳ್ಳುತ್ತಾರೆ. ಹೆಣ್ಣು ಕೊಡುವವರು ಅಂಗಳದಲ್ಲಿ ನಿಂತ ಗಾಡಿಯ ಬಣ್ಣವನ್ನೂ ಒಮ್ಮೆ ನೋಡಿ ಒಳಗೆ ಬರುತ್ತಾರೆ. ‘ಇನ್ನೂ ಅದನ್ನ ಹೊಡ್ಯಾಕತ್ತೀರೇನ್ರಿ ಗೌಡ್ರ?’ ಎಂಬ ಪ್ರಶ್ನೆಯಲ್ಲಿ ಕನಿಕರ ಅರ್ಧ, ಕುಹಕ ಅರ್ಧ.

ಟ್ರ್ಯಾಕ್ಟರಿಗೆ ಅಂಟಿದ ಈ ಮಾತು ಜೆಸಿಬಿಗೂ ಹಬ್ಬಿದೆ, ಕಬ್ಬಿನ ಟ್ರೇಲರಿಗೂ ಹಬ್ಬಿದೆ, ಹೊಳೆಸಾಲಿನ ಡೀಸೆಲ್ ಪಂಪಿಗೂ ಹಬ್ಬಿದೆ. ಹಳೆಯದು ನಷ್ಟ, ಹಳೆಯದು ಅಪಾಯ, ಹಳೆಯದಕ್ಕೆ ಸರ್ಕಾರವೇ ವಿರುದ್ಧ, ರಿಪೇರಿ ಕಂಪನಿಯವರ ಕೆಲಸ, ನಾವು ಮಾಡಿದರೆ ಅದು ಜುಗಾಡು. ಐದು ಕಾಲಿನ ಮೇಲೆ ನಿಂತ ವಾದ ಇದು. ಮೇಲ್ನೋಟಕ್ಕೆ ಭದ್ರವಾಗಿಯೇ ಕಾಣುತ್ತದೆ. ಒಂದೊಂದನ್ನೇ ಅಲುಗಿಸಿ ನೋಡೋಣ.

ಮೊದಲು ಒಂದು ಪ್ರಶ್ನೆ. ನಮ್ಮ ಸುತ್ತ ನಿಜವಾಗಿಯೂ ದೊಡ್ಡ ಯಂತ್ರಗಳನ್ನು ಇಟ್ಟುಕೊಂಡವರು ಏನು ಮಾಡುತ್ತಾರೆ? ಕೊಲ್ಹಾರದಿಂದ ಸ್ವಲ್ಪ ದೂರಕ್ಕೆ ಕೂಡಗಿಯಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರವಿದೆ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2,400 ಮೆಗಾವ್ಯಾಟ್. ಅಂಥ ಸ್ಥಾವರಗಳಲ್ಲಿ ಘಟಕವನ್ನು ಮೊದಲೇ ನಿಗದಿ ಮಾಡಿದ ದಿನಕ್ಕೆ ನಿಲ್ಲಿಸಿ, ಟರ್ಬೈನು ಬಿಚ್ಚಿ, ಬಾಯ್ಲರಿನ ಕೊಳವೆ ತಪಾಸಿಸಿ, ಸವೆದದ್ದನ್ನು ಬದಲಿಸಿ ಮತ್ತೆ ಓಡಿಸುವುದು ರೂಢಿ. ಅದಕ್ಕೆ ಓವರ್‌ಹಾಲ್ ಎಂದು ಹೆಸರು. ಕೃಷ್ಣಾನಗರದ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆ ಇರಲಿ, ಹೊಳೆಯಾಚೆಯ ಯಾವ ಕಾರ್ಖಾನೆಯೇ ಇರಲಿ, ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಬೇಸಿಗೆಯಿಂದ ದಸರೆಯವರೆಗೆ ಅಲ್ಲಿ ನಡೆಯುವುದು ಇದೇ ಕೆಲಸ. ಗಾಣದ ರೋಲರುಗಳ ಸವೆದ ಹಲ್ಲಿಗೆ ವೆಲ್ಡಿಂಗ್ ತುಂಬಿ ಲೇತಿಗೆ ಹಾಕುತ್ತಾರೆ, ಪಂಪು ಬಿಚ್ಚುತ್ತಾರೆ, ಬೇರಿಂಗ್ ತೆಗೆದು ನೋಡುತ್ತಾರೆ. ಗಾಣ ಹಳೆಯದಾಯಿತು, ಎಕ್ಸ್‌ಚೇಂಜಿಗೆ ಹಾಕಿ ಎಂದು ಯಾವ ಚೇರ್ಮನ್ನರ ಮುಂದೆಯೂ ಯಾರೂ ಬ್ಯಾನರು ಕಟ್ಟುವುದಿಲ್ಲ.

ಸರ್ಕಾರದ ಬಸ್ಸಿನ ಕಥೆಯೂ ಬೇರೆಯಲ್ಲ. ಕೆಎಸ್‌ಆರ್‌ಟಿಸಿ ತನ್ನ ಹಳೆಯ ಬಸ್ಸುಗಳನ್ನು ಕೆಂಗೇರಿ, ಹಾಸನದ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ತನ್ನದೇ ಮೆಕ್ಯಾನಿಕ್‌ಗಳ ಕೈಯಿಂದ ಕಟ್ಟಿಸಿ, ಹೊಸ ಬಸ್ಸಿನ ಬೆಲೆಯ ಸಣ್ಣ ಪಾಲಿನಲ್ಲಿ ಮತ್ತೆ ರಸ್ತೆಗೆ ಬಿಟ್ಟಿತು. ಪುನಶ್ಚೇತನ ಎಂದು ಪತ್ರಿಕೆಗಳೆಲ್ಲ ಹೊಗಳಿದವು. ಕೊಲ್ಹಾರದ ರೈತ ಅದನ್ನೇ ತನ್ನ ಟ್ರ್ಯಾಕ್ಟರಿಗೆ ಮಾಡಿದರೆ ಜಿಪುಣತನ ಎನ್ನುತ್ತಾರೆ.

ನನ್ನ ತಕರಾರಿನ ತಿರುಳು ಇಷ್ಟೇ. ಯಂತ್ರವನ್ನು ತೆರೆದು ನೋಡುವ, ಸವೆದದ್ದನ್ನು ಬದಲಿಸಿ ಉಳಿದದ್ದನ್ನು ದುಡಿಸಿಕೊಳ್ಳುವ ವಿವೇಕವನ್ನು ದೊಡ್ಡವರೆಲ್ಲ ತಮಗೆ ಇಟ್ಟುಕೊಂಡು, ಸಣ್ಣ ಒಡೆಯನಿಗೆ ಮಾತ್ರ ಮುಟ್ಟಬೇಡ, ಮಾರಿಬಿಡು ಎಂದು ಉಪದೇಶ ಮಾಡುತ್ತಿದ್ದಾರೆ. ಉಪದೇಶ ಪುಕ್ಕಟೆ. ಕಂತು ಮಾತ್ರ ಅವನೇ ಕಟ್ಟಬೇಕು.

ಈಗ ನಷ್ಟದ ಮಾತಿಗೆ ಬರೋಣ. ಹಳೆಯ ಟ್ರ್ಯಾಕ್ಟರ್ ಸಾಕುವುದು ನಷ್ಟ ಎನ್ನುವವರು ರಿಪೇರಿಯ ಚೀಟಿಯನ್ನು ಮುಂದಿಡುತ್ತಾರೆ, ಸಾಲದ ಪಾಸ್‌ಬುಕ್ಕನ್ನು ಮುಚ್ಚಿಡುತ್ತಾರೆ. ಎರಡನ್ನೂ ಒಟ್ಟಿಗೆ ತೆರೆಯೋಣ. ಏಳು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ. 11ರ ಬಡ್ಡಿ, ಐದು ವರ್ಷ, ಆರು ತಿಂಗಳಿಗೊಂದು ಕಂತು ಎಂದು ಹಿಡಿಯಿರಿ. ಒಂದು ಕಂತು ಸುಮಾರು 93 ಸಾವಿರ ಬರುತ್ತದೆ. ಹತ್ತು ಕಂತು ಮುಗಿಯುವಾಗ ಕಟ್ಟಿದ್ದು 9 ಲಕ್ಷ 29 ಸಾವಿರದ ಹತ್ತಿರ. ಬಡ್ಡಿಯೇ 2 ಲಕ್ಷ 29 ಸಾವಿರ. ಮೂರು ಸಿಲಿಂಡರಿನ ಹಳೆಯ ಎಂಜಿನ್ನಿಗೆ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಹಾಕಿ, ಹೆಡ್ ತಯಾರು ಮಾಡಿಸಿ, ನಾಜಲ್-ಪಂಪು ಕ್ಯಾಲಿಬ್ರೇಶನ್ ಮಾಡಿಸಿದರೆ ಸಾಮಾನ್ಯವಾಗಿ ಒಂದೇ ಕಂತಿನೊಳಗೆ ಕೆಲಸ ಮುಗಿಯುತ್ತದೆ. ಅದು ನೀವೇ ಬಿಚ್ಚಿ ಕಟ್ಟಿದ್ದಾದರೆ ಕೂಲಿಯೂ ಉಳಿಯಿತು. ಉಳಿದ ಒಂಬತ್ತು ಕಂತು ಎಲ್ಲಿಗೆ ಹೋಗುತ್ತಿದ್ದವು ಎಂದು ಯೋಚಿಸಿ. ಮಳೆ ಕೈಕೊಟ್ಟ ವರ್ಷ ಹಳೆಯ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತದೆ, ಏನನ್ನೂ ಕೇಳುವುದಿಲ್ಲ. ಸಾಲದ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನಿಂತರೂ ಕಂತು ಕೇಳುತ್ತದೆ. ಉಳ್ಳಾಗಡ್ಡಿಯ ದರ ಬಿದ್ದರೂ ಕೇಳುತ್ತದೆ, ಕಬ್ಬಿನ ಬಿಲ್ಲು ಬಾಕಿ ಉಳಿದರೂ ಕೇಳುತ್ತದೆ.

ಇದಕ್ಕೆ ಒಂದು ಉತ್ತರ ಸಿದ್ಧವಿದೆ: ಹೊಸದು ಬಂದರೆ ಬಾಡಿಗೆ ಹೊಡೆದು ಕಂತು ಕಟ್ಟಬಹುದು. ಊರಿನಲ್ಲಿ ಎಲ್ಲರೂ ಅದೇ ಲೆಕ್ಕ ಹಾಕಿ ಕೊಂಡಾಗ ಬಾಡಿಗೆಗೆ ಕರೆಯುವವರು ಯಾರು? ಗಳೆ ಹೊಡೆಯುವ ಹದ ಎಲ್ಲರ ಹೊಲಕ್ಕೂ ಒಂದೇ ವಾರ ಬರುತ್ತದೆ. ಆ ವಾರ ಎಲ್ಲ ಟ್ರ್ಯಾಕ್ಟರೂ ಓಡುತ್ತವೆ, ಮುಂದಿನ ವಾರ ಎಲ್ಲವೂ ನಿಲ್ಲುತ್ತವೆ. ಸಹಾಯಧನದ ಆಸೆಯೂ ಇದೇ ದಿಕ್ಕಿಗೆ ನೂಕುತ್ತದೆ. ಕೃಷಿ ಯಾಂತ್ರೀಕರಣದ ಕೇಂದ್ರ ಯೋಜನೆಯಲ್ಲಿ ಖರೀದಿಗೆ ಶೇ. 40ರಿಂದ 50ರವರೆಗೆ ಸಹಾಯಧನ ಉಂಟು. ಹಳೆಯ ಎಂಜಿನ್ ಕಟ್ಟಿಸಿಕೊಳ್ಳಲು ಸಹಾಯಧನ ಕೇಳುವ ಅರ್ಜಿಯ ನಮೂನೆಯನ್ನು ನಾನಂತೂ ಯಾವ ರೈತ ಸಂಪರ್ಕ ಕೇಂದ್ರದಲ್ಲೂ ಕಂಡಿಲ್ಲ.

ಇನ್ನು ಆಯುಷ್ಯದ ಪ್ರಶ್ನೆ. ಹತ್ತು ವರ್ಷ ಎಂಬ ಸಂಖ್ಯೆ ಎಲ್ಲಿಂದ ಬಂತು? ಕೃಷಿ ಎಂಜಿನಿಯರಿಂಗಿನ ಪಠ್ಯಗಳಲ್ಲಿ ಟ್ರ್ಯಾಕ್ಟರಿನ ಖರ್ಚಿನ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಹತ್ತು ವರ್ಷ, ವರ್ಷಕ್ಕೆ 1,000 ಗಂಟೆ ಎಂದು ಹಿಡಿಯುತ್ತಾರೆ. ಅಂದರೆ 10,000 ಗಂಟೆ. ಈ ಲೆಕ್ಕದ ಮೊದಲರ್ಧ ಮಾತ್ರ ಊರಿಗೆ ಬಂದು ತಲುಪಿತು, ಎರಡನೆಯರ್ಧ ದಾರಿಯಲ್ಲೇ ಉಳಿಯಿತು. ಹತ್ತು-ಹನ್ನೆರಡು ಎಕರೆಯವನು ಸ್ವಂತ ಕೆಲಸಕ್ಕೂ ಅಷ್ಟಿಷ್ಟು ಬಾಡಿಗೆಗೂ ಸೇರಿಸಿ ವರ್ಷಕ್ಕೆ 400 ಗಂಟೆ ಹೊಡೆದರೆ, ಅದೇ ಲೆಕ್ಕದಲ್ಲಿ ಅವನ ಟ್ರ್ಯಾಕ್ಟರ್ 25 ವರ್ಷ ಬಾಳಬೇಕು. ಯಂತ್ರದ ವಯಸ್ಸು ಗಂಟೆಯ ಮೀಟರಿನಲ್ಲಿದೆ, ಆಯಿಲ್ ಬದಲಿಸಿದ ತಾರೀಖಿನಲ್ಲಿದೆ, ಏರ್ ಫಿಲ್ಟರಿನ ಬಟ್ಟಲಿನಲ್ಲಿದೆ. ಆರ್.ಸಿ. ಪುಸ್ತಕ ನೋಡಿ ಅದನ್ನು ಹೇಳುವವನು ಜಾತಕ ನೋಡಿ ಜ್ವರ ಹೇಳುವವನ ಜಾತಿಗೆ ಸೇರಿದವನು.

‘ಸರಕಾರನ ಗುಜರಿಗೆ ಹಾಕ್ರಿ ಅಂತೈತಲ್ರಿ’ ಎನ್ನುತ್ತಾರೆ. ಎಲ್ಲಿ ಅಂದಿದೆ? ವಾಹನ ಗುಜರಿ ನೀತಿಯನ್ನು ಕೇಂದ್ರ 2021ರಲ್ಲಿ ಪ್ರಕಟಿಸಿದ್ದು ನಿಜ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾದದ್ದೂ ನಿಜ. ಹತ್ತು ವರ್ಷಕ್ಕೆ ಟ್ರ್ಯಾಕ್ಟರನ್ನು ಗುಜರಿಗೆ ಹಾಕಲೇಬೇಕು ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿದಾಗ ರಸ್ತೆ ಸಾರಿಗೆ ಸಚಿವಾಲಯವೇ 2023ರಲ್ಲಿ ಅದನ್ನು ಅಲ್ಲಗಳೆಯಿತು. ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನ. ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಡ್ಡಾಯ ಗುಜರಿಯ ವಯಸ್ಸು ಯಾವುದೂ ಇಲ್ಲ. ಈ ಸ್ಪಷ್ಟನೆ ಹಳ್ಳಿಗೆ ಬರಲಿಲ್ಲ, ಹೆದರಿಕೆ ಮಾತ್ರ ಬಂತು. ಹೆದರಿ ಅಗ್ಗಕ್ಕೆ ಕೊಟ್ಟವರ ಗಾಡಿಗಳು ಗುಜರಿಗೇನೂ ಹೋಗಲಿಲ್ಲ. ಬಣ್ಣ ಹೊಡೆಸಿಕೊಂಡು ಬೇರೆ ತಾಲ್ಲೂಕಿನಲ್ಲಿ ಒಳ್ಳೆ ಬೆಲೆಗೆ ಮಾರಾಟವಾದವು. ಇದೊಂದೇ ಸಾಕು, ಆ ಗಾಡಿ ಮುಗಿದಿರಲಿಲ್ಲ ಎಂಬುದಕ್ಕೆ.

ನಾಲ್ಕನೆಯ ವಾದ ಇನ್ನೂ ಜೋರಿನದು: ರಿಪೇರಿ ಎಂದರೆ ಕಂಪನಿಯವರು, ಉಳಿದದ್ದು ಹಾಳು ಮಾಡುವುದು. ಈ ನಂಬಿಕೆಗೆ ಉತ್ತರ ಕೊಡಲು ನನಗೆ ಬೇಕಾದದ್ದು ಎಚ್‌ಎಂಟಿ ಒಂದೇ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಸಂಸ್ಥೆ 1971ರ ಹೊತ್ತಿಗೆ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಝೆಟರ್ ಸಹಯೋಗದಲ್ಲಿ ಟ್ರ್ಯಾಕ್ಟರ್ ಕಟ್ಟತೊಡಗಿತು. 2016ರಲ್ಲಿ ಕೇಂದ್ರ ಸಂಪುಟ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿತು. ಕಾರ್ಖಾನೆಯ ಬಾಗಿಲಿಗೆ ಬೀಗ ಬಿತ್ತು; ಗ್ಯಾರಂಟಿ ಕೊಟ್ಟವರೂ ಇಲ್ಲ, ಸರ್ವಿಸ್ ಕೊಡುವವರೂ ಇಲ್ಲ. ಆದರೂ ಎಚ್‌ಎಂಟಿ ಟ್ರ್ಯಾಕ್ಟರುಗಳು ಇಂದಿಗೂ ಹೊಲದಲ್ಲಿ ದುಡಿಯುತ್ತಿವೆ. ಅವುಗಳನ್ನು ಬದುಕಿಸಿದವರು ಲುಧಿಯಾನ, ರಾಜಕೋಟದ ಬಿಡಿಭಾಗದ ಕಾರ್ಖಾನೆಗಳವರು, ಲೇತ್ ಅಂಗಡಿಯವರು, ಊರ ಮಿಸ್ತ್ರಿಗಳು, ಪಾನಾ ಹಿಡಿಯಲು ನಾಚದ ಒಡೆಯರು. ಹಾಗಾದರೆ ಟ್ರ್ಯಾಕ್ಟರಿನ ಜೀವ ಕಂಪನಿಯ ಕೈಯಲ್ಲಿದೆ ಎಂಬ ಮಾತು ಎಲ್ಲಿ ನಿಂತಿತು?

ಯಂತ್ರವೂ ಈಗ ಬದಲಾಗಿದೆ ಎಂಬುದನ್ನು ಮರೆಮಾಚುವುದಿಲ್ಲ. 50 ಅಶ್ವಶಕ್ತಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಎಂಬ ಹೊಗೆಯ ನಿಯಮ ಬಂತು. ಅದರ ಬೆನ್ನಿಗೆ ಕಾಮನ್ ರೇಲ್, ಸೆನ್ಸರು, ಕಂಪ್ಯೂಟರಿನ ಪೆಟ್ಟಿಗೆ ಎಂಜಿನ್ನಿನೊಳಗೆ ಬಂದು ಕೂತವು. ಹೊಗೆ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಹಳೆಯ ಡೀಸೆಲ್ ಎಂಜಿನ್ ನಿಂತರೆ ಮೂರು ಕಡೆ ನೋಡಿದರೆ ಸಾಕಾಗುತ್ತಿತ್ತು: ಡೀಸೆಲ್ ಬರುತ್ತಿದೆಯೇ, ಗಾಳಿ ಬರುತ್ತಿದೆಯೇ, ಕಂಪ್ರೆಶನ್ ಇದೆಯೇ. ಹೊಸತರಲ್ಲಿ ಒಂದು ಸೆನ್ಸರಿನ ತಂತಿ ಸಡಿಲಾದರೂ ಎಂಜಿನ್ ಶಕ್ತಿ ಕಳೆದುಕೊಂಡು ಕೆಂಪು ದೀಪ ಹೊತ್ತಿಸಿ ಕೂರುತ್ತದೆ. ಆ ದೀಪ ಏನು ಹೇಳುತ್ತಿದೆ ಎಂದು ಓದಲು ಸ್ಕ್ಯಾನರ್ ಬೇಕು, ಸ್ಕ್ಯಾನರಿನ ಬೀಗದ ಕೈ ಡೀಲರನ ಹತ್ತಿರ. ಕಬ್ಬು ಕಡಿದು ಟ್ರೇಲರಿಗೆ ತುಂಬಿ ಆಗಿದೆ, ಕಾರ್ಖಾನೆಯ ಗೇಟಿನ ಸರದಿ ಹತ್ತಿರ ಬಂದಿದೆ, ಬಿಸಿಲಿಗೆ ಕಬ್ಬು ಒಣಗಿ ತೂಕ ಇಳಿಯುತ್ತಿದೆ. ‘ನಾಳಿ ಬರ್ತಾರ್ರೀ ಎಂಜಿನಿಯರ್ ಸಾಹೇಬ್ರು’ ಎಂಬ ಫೋನಿನ ಉತ್ತರಕ್ಕೆ ಕಾಯುತ್ತ ಕೂತವನಿಗೆ ಗೊತ್ತು, ತಡವಾದ ಒಂದು ದಿನದ ಬೆಲೆ ಏನು ಎಂದು.

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕದ ದೊಡ್ಡ ರೈತರೂ ಇದೇ ಬೀಗದ ಕೈಗಾಗಿ ಬಡಿದಾಡುತ್ತಿದ್ದಾರೆ. ಕೃಷಿ ಯಂತ್ರವನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಹಕ್ಕನ್ನು ಕೊಲೊರಾಡೊ ರಾಜ್ಯ 2023ರಲ್ಲಿ ಕಾನೂನು ಮಾಡಿ ಕೊಟ್ಟಿತು. ರಿಪೇರಿಯನ್ನು ಡೀಲರುಗಳ ಕೈಗೆ ಕಟ್ಟಿಹಾಕಿದೆ ಎಂದು ಆರೋಪಿಸಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಜಾನ್ ಡೀರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಕೃಷಿ ಉಪಕರಣವನ್ನು ಅದರ ಮೊದಲ ಸಾಲಿನಲ್ಲಿಟ್ಟಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಬಂತು, ಕಾನೂನಿನ ಬಲ ಬರಲಿಲ್ಲ. ಸಾವಿರಾರು ಎಕರೆಯ ಒಡೆಯರೇ ನಮ್ಮ ಯಂತ್ರ ಬಿಚ್ಚಲು ನಮಗೆ ಬಿಡಿ ಎಂದು ಕೋರ್ಟಿಗೆ ಹೋಗುತ್ತಿರುವ ಕಾಲದಲ್ಲಿ, ಬಿಚ್ಚಬಹುದಾದ ಯಂತ್ರವನ್ನು ಕೈಯಾರೆ ಕೊಟ್ಟು ಬಿಚ್ಚಲಾಗದ ಯಂತ್ರವನ್ನು ಸಾಲ ಮಾಡಿ ತರುವುದನ್ನು ನಾವು ಪ್ರಗತಿ ಎಂದು ಕರೆಯುತ್ತಿದ್ದೇವೆ.

ಹಳೆಯದು ಹೊಗೆ ಉಗುಳುತ್ತದೆ, ಡೀಸೆಲ್ ಕುಡಿಯುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಹೊಸ ನಿಯಮದ ಎಂಜಿನ್ನಿನಷ್ಟು ಶುಚಿಯಾಗಿ ಹಳೆಯದು ಎಂದೂ ಉರಿಯಲಾರದು. ಆದರೆ ನಮ್ಮ ರಸ್ತೆಯಲ್ಲಿ ಕಾಣುವ ಹೊಗೆಯ ಬಹುಪಾಲು ಆಲಸ್ಯದ ಹೊಗೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ನಾಜಲ್ ಸೋರುತ್ತಿದೆ, ಇಲ್ಲವೇ ಭಾರ ಅತಿಯಾಗಿದೆ. ನೀಲಿ ಬಂದರೆ ರಿಂಗು ಸವೆದು ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಡದೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ಒಳಗೆ ನೀರು ಸೇರುತ್ತಿದೆ. ಮೂರಕ್ಕೂ ಮದ್ದುಂಟು. ಎರಿ ಮಣ್ಣಿನ ನಮ್ಮ ಸೀಮೆಯಲ್ಲಿ ಬೇಸಿಗೆಯ ಧೂಳೇ ಎಂಜಿನ್ನಿನ ಮೊದಲ ವೈರಿ. ಏರ್ ಫಿಲ್ಟರಿನ ಆಯಿಲ್ ಬಟ್ಟಲನ್ನು ಧೂಳಿನ ದಿನಗಳಲ್ಲಿ ದಿನಾ ತೆಗೆದು ತೊಳೆಯಬೇಕು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಒಂದೇ ಹಂಗಾಮಿನಲ್ಲಿ ಲೈನರು ಉಜ್ಜಿ ಹೋಗುತ್ತದೆ. ರೇಡಿಯೇಟರಿಗೆ ಬೋರಿನ ಗಡಸು ನೀರು ಸುರಿದರೆ ಒಳಗೆ ಸುಣ್ಣ ಕಟ್ಟಿ ಎಂಜಿನ್ ಕಾಯುತ್ತದೆ. ಜೆಸಿಬಿಯ ಬುಶ್-ಪಿನ್ನಿಗೆ ದಿನದ ಗ್ರೀಸ್ ತಪ್ಪಿಸಿದರೆ ಪಿನ್ ಕೂರುವ ರಂಧ್ರವೇ ಅಗಲವಾಗಿ, ಆಮೇಲೆ ಲೈನ್ ಬೋರಿಂಗ್ ಮಾಡಿಸಬೇಕಾಗುತ್ತದೆ. ಗ್ರೀಸಿಗೆ ಕೈ ಹಿಡಿದವನು ಬೋರಿಂಗಿಗೆ ಕೈ ಬಿಚ್ಚುತ್ತಾನೆ. ಇವೆಲ್ಲ ಒಡೆಯನೇ ಮಾಡಬೇಕಾದ ಕೆಲಸಗಳು. ದಿನಗೂಲಿಯ ಡ್ರೈವರಿಗೆ ಬಿಟ್ಟು ಮನೆಯಲ್ಲಿ ಕೂತರೆ ಹೊಸ ಗಾಡಿಯೂ ಐದು ವರ್ಷಕ್ಕೆ ಮುದಿಯಾಗುತ್ತದೆ.

ಜುಗಾಡಿನ ಆರೋಪಕ್ಕೆ ಬಂದಾಗ ನಾನು ಎದುರಾಳಿಯ ಜೊತೆ ಅರ್ಧ ದಾರಿ ನಡೆಯುತ್ತೇನೆ. ಸ್ವಂತ ರಿಪೇರಿಯ ಹೆಸರಿನಲ್ಲಿ ನಮ್ಮಲ್ಲಿ ನಡೆಯುವ ಅನಾಹುತ ಕಡಿಮೆಯಲ್ಲ. ಬೋಲ್ಟಿನ ಜಾಗದಲ್ಲಿ ತಂತಿ, ಕಾಟರ್ ಪಿನ್ನಿನ ಜಾಗದಲ್ಲಿ ಮೊಳೆ, ಸೋರುವ ಬ್ರೇಕಿಗೆ ‘ನಡೀತದ ಬಿಡ್ರಿ’ ಎಂಬ ಮಂತ್ರ. ಬ್ರೇಕಿಲ್ಲದ, ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಕಾಣದ ಜೋಡಿ ಟ್ರೇಲರುಗಳು ರಾತ್ರಿ ಹೆದ್ದಾರಿಯಲ್ಲಿ ಎಷ್ಟು ಮನೆಗಳ ದೀಪ ಆರಿಸಿವೆ ಎಂದು ಎಲ್ಲರಿಗೂ ಗೊತ್ತು. ಆ ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳಲ್ಲಿ ಹೊಚ್ಚಹೊಸವೂ ಇರುತ್ತವೆ ಎಂಬುದನ್ನೂ ನೋಡಬೇಕು. ಬೇಜವಾಬ್ದಾರಿಗೆ ಮಾಡೆಲ್ ವರ್ಷವಿಲ್ಲ.

ಜುಗಾಡಿಗೂ ರಿಪೇರಿಗೂ ನಡುವೆ ಇರುವುದು ಅಳತೆ. ಟ್ಯಾಪೆಟ್ಟಿನ ಸಂದು ಇಷ್ಟೇ ಇರಬೇಕು ಎಂದು ಮಿಲಿಮೀಟರಿನ ನೂರನೆಯ ಅಂಶದಲ್ಲಿ ಪುಸ್ತಕ ಹೇಳುತ್ತದೆ. ಫೀಲರ್ ಗೇಜ್ ಹಿಡಿದು ಅಷ್ಟನ್ನೇ ಇಟ್ಟರೆ ರಿಪೇರಿ, ಕಿವಿಯಿಂದ ಅಂದಾಜಿಸಿದರೆ ಜುಗಾಡು. ಹೆಡ್ಡಿನ ಬೋಲ್ಟನ್ನು ಹೇಳಿದ ಕ್ರಮದಲ್ಲಿ, ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾ ಹಾಕಿ ತಿರುಗಿಸಬೇಕು. ತೆಗೆದ ಬೇರಿಂಗಿನ ನಂಬರು ಬರೆದಿಟ್ಟುಕೊಂಡು ಅದೇ ನಂಬರಿನದನ್ನು ತರಬೇಕು. ಅಗ್ಗದ ನಕಲಿ ಬೇರಿಂಗ್ ಹಾಕಿ ಆಮೇಲೆ ಹಳೆಯ ಗಾಡಿಯನ್ನು ಬೈಯಬಾರದು. ತನ್ನಿಂದ ಆಗದ್ದು ಯಾವುದು ಎಂದು ತಿಳಿದಿರುವುದೂ ಇದೇ ಅಳತೆಯ ಭಾಗ. ಡೀಸೆಲ್ ಪಂಪು, ನಾಜಲುಗಳನ್ನು ಪರೀಕ್ಷೆಯ ಯಂತ್ರವಿರುವ ಪಂಪ್ ರೂಮಿಗೇ ಒಯ್ಯಬೇಕು. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಅಥವಾ ಹೈಡ್ರಾಲಿಕ್ ಆಯಿಲ್ ಚರ್ಮ ಸೀಳಿ ಒಳಹೋಗುತ್ತದೆ; ಸೋರುವ ಹೋಸ್ ಪೈಪಿನ ಮೇಲೆ ಬೆರಳಾಡಿಸಿ ನೋಡುವುದು ಕೈ ಕಳೆದುಕೊಳ್ಳುವ ದಾರಿ. ಕ್ಲಚ್ ಪ್ಲೇಟಿಗಾಗಿ ಟ್ರ್ಯಾಕ್ಟರನ್ನು ನಡುವಿಗೆ ಎರಡು ಮಾಡುವಾಗ ಎರಡೂ ಭಾಗಕ್ಕೆ ಗಟ್ಟಿ ಆಧಾರ ಬೇಕು. ಎತ್ತಿದ ಬಕೆಟ್ಟಿನ ಕೆಳಗೆ, ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಓಡುವ ಪಿಟಿಓ ಶಾಫ್ಟಿನ ಹತ್ತಿರ ಧೋತರದ ಚುಂಗು, ಸೀರೆಯ ಸೆರಗು ಸುಳಿಯಬಾರದು. ಇದನ್ನೆಲ್ಲ ಕಲಿಯದೆ ಪಾನಾ ಹಿಡಿಯುವವನನ್ನು ನಾನೂ ತಡೆಯುತ್ತೇನೆ. ಕಲಿಯಲು ದಾರಿಯನ್ನೇ ಕೊಡದೆ ಮುಟ್ಟಬೇಡ ಎನ್ನುವವರನ್ನು ಮಾತ್ರ ಒಪ್ಪಲಾರೆ.

ಹಳೆಯದು ಅಪಾಯ ಎನ್ನಲು ತುಂಗಭದ್ರೆಯ ಗೇಟನ್ನು ತೋರಿಸಿ ಬಾಯಿ ಮುಚ್ಚಿಸಲು ನೋಡುವವರಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಹರಿದು ಗೇಟೇ ಕೊಚ್ಚಿಹೋಯಿತು. ಏಳು ದಶಕದ ಹಳೆಯ ಕಬ್ಬಿಣ, ಇನ್ನೇನಾಗುತ್ತದೆ ಎಂದರು. ನಾನು ಅದರಲ್ಲಿ ಬೇರೆ ಪಾಠ ಓದುತ್ತೇನೆ. ಏಳು ದಶಕ ಆ ಗೇಟು ನೀರು ತಡೆದಿತ್ತು. ಹಳೆಯ ಸರಪಳಿ ತನ್ನ ಸವೆತವನ್ನು ತಾನೇ ಬಂದು ಹೇಳುವುದಿಲ್ಲ. ಕೊಂಡಿ ಕೊಂಡಿ ನೋಡಿ, ಸವೆದದ್ದನ್ನು ಕಾಲಕ್ಕೆ ಬದಲಿಸುವ ಕೈ ಬೇಕು. ದುರಂತ ನಡೆದ ಮೇಲೆ ಕೂಡ ಕಾಪಾಡಿದ್ದು ಕಬ್ಬಿಣ ಬಲ್ಲ ಕೈಗಳೇ: ನಿವೃತ್ತ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ, ಒಂದೇ ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಲಾಯಿತು. ಆಮೇಲೆ ಎಲ್ಲ ಗೇಟುಗಳನ್ನೂ ಬದಲಿಸುವ ತೀರ್ಮಾನ ಬಂತು. ಅದು ಪರೀಕ್ಷೆ ಮಾಡಿ ತಜ್ಞರು ಕೊಟ್ಟ ತೀರ್ಮಾನ, ಆದ್ದರಿಂದ ಒಪ್ಪತಕ್ಕದ್ದು. ಹಳೆಯದಕ್ಕೆ ಕೊನೆಯೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಎಂಜಿನ್ ಬ್ಲಾಕ್ ಒಡೆದರೆ, ಗೇರ್ ಬಾಕ್ಸಿನ ಕವಚ ಬಿರಿದರೆ, ಬಿಡಿಭಾಗ ಎಲ್ಲೂ ಸಿಗದಿದ್ದರೆ ಮಾರಿಬಿಡಿ. ತೆರೆದು ನೋಡಿ ಮಾರಿ.

ರಿಪೇರಿ ಹಿಂದುಳಿದವರ ಲಕ್ಷಣ ಎಂಬ ಒಳಗೊಳಗಿನ ನಾಚಿಕೆಗೂ ಒಂದು ಉತ್ತರ ಬೇಕು, ಏಕೆಂದರೆ ಉಳಿದ ಎಲ್ಲ ವಾದಗಳ ಕೆಳಗೆ ಇರುವುದು ಆ ನಾಚಿಕೆಯೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಸೈಕಲ್ ಮಾರುತ್ತ, ದುರಸ್ತಿ ಮಾಡುತ್ತ ಶುರುವಾದ ಆ ಕೈ ಮುಂದೆ ಕಬ್ಬಿಣದ ನೇಗಿಲು ಮಾಡಿತು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿತು. ಕಬ್ಬಿಣದ ನೇಗಿಲು ಮಣ್ಣಿಗೆ ವಿಷ ಎಂದು ಆಗಿನ ರೈತರು ಹೆದರಿ ವರ್ಷಗಟ್ಟಲೆ ಕೊಳ್ಳಲೇ ಇಲ್ಲ. ಆ ಹೆದರಿಕೆ ಕಳೆದು, ಅದೇ ಮನೆತನದ ಪಂಪು, ಡೀಸೆಲ್ ಎಂಜಿನ್ನುಗಳನ್ನು ಹೊಳೆದಂಡೆಯ ರೈತ ತನ್ನವನ್ನಾಗಿ ಮಾಡಿಕೊಂಡ. ಹೊಲದ ಬದುವಿನಲ್ಲೇ ಬಿಚ್ಚಿ ಕಟ್ಟುವುದನ್ನು ಕಲಿತ. ಅದಕ್ಕೂ ಹಿಂದೆ ಊರಿಗೊಬ್ಬ ಬಡಿಗ, ಊರಿಗೊಬ್ಬ ಕಮ್ಮಾರ ಇದ್ದರು. ಮುಂಗಾರಿಗೆ ಮುನ್ನ ಕುಂಟಿ, ರಂಟಿ, ಕೂರಿಗೆ ಅವರ ಕೈಯಲ್ಲಿ ಹದವಾಗಬೇಕು, ಸುಗ್ಗಿಗೆ ಅವರಿಗೆ ಆಯ ಸಲ್ಲಬೇಕು. ಕೂರಿಗೆ ಮುರಿದರೆ ಹೊಸ ಕೂರಿಗೆಗೆ ಸಾಲ ಎತ್ತಿದ ರೈತನ ಕಥೆ ನಾನು ಕೇಳಿಲ್ಲ. ಈ ಭಾಗದ ಕೈಗಾರಿಕೆಯ ಒಂದು ದೊಡ್ಡ ಹೆಸರು ರಿಪೇರಿಯ ಅಂಗಡಿಯಿಂದಲೇ ಎದ್ದು ಬಂದದ್ದು. ಬಸವಣ್ಣ ಹುಟ್ಟಿದ ಬಾಗೇವಾಡಿಯ ನೆರೆಯಲ್ಲಿ ಕುಳಿತು, ಎಣ್ಣೆ ಮೆತ್ತಿದ ಕೈಗೆ ಮೂಗು ಮುರಿಯುವುದಾದರೆ ಕಾಯಕದ ಮಾತನ್ನು ವೇದಿಕೆಯಿಂದ ಹೇಳುವುದನ್ನಾದರೂ ನಿಲ್ಲಿಸಬೇಕು.

ಈ ಚರ್ಚೆ ಈಗಲೇ ಏಕೆ ಎಂದು ಕೇಳಬಹುದು. ಆಲಮಟ್ಟಿಯ ನೀರಿಗೆ ಹಳೆಯ ಕೊಲ್ಹಾರವನ್ನು ಬಿಟ್ಟುಕೊಟ್ಟು ಮೇಲಕ್ಕೆ ಬಂದ ಊರು ಇದು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕಾಗಿ, ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಪರಿಹಾರ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದೆ. ಅದೇ ತಿಂಗಳು ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಈ ಎರಡು ಸುದ್ದಿಯನ್ನು ನಮಗಿಂತ ಮೊದಲು ಜೋಡಿಸಿ ಓದಿದವರು ಯಾರು ಎಂದು ಹೇಳಬೇಕಿಲ್ಲ. ಆದರೆ ಟ್ರ್ಯಾಕ್ಟರಿನ ಟಯರು, ಬಿಡಿಭಾಗಗಳ ತೆರಿಗೆಯೂ ಶೇ. 18ರಿಂದ 5ಕ್ಕೆ ಇಳಿದಿದೆ. ಅಂದರೆ ರಿಪೇರಿ ಅಗ್ಗವಾಗಿದೆ. ಅದನ್ನು ಯಾವ ಬ್ಯಾನರೂ ಹೇಳುವುದಿಲ್ಲ. ಭೂಮಿ ಕಳೆದುಕೊಂಡ ದುಡ್ಡು ಎರಡನೆಯ ಸಲ ಬರುವುದಿಲ್ಲ. ಅದು ಎಂಟು ಹತ್ತು ವರ್ಷದಲ್ಲಿ ಬೆಲೆ ಕರಗುವ ಕಬ್ಬಿಣವಾಗಿ ಅಂಗಳದಲ್ಲಿ ನಿಲ್ಲಬಾರದು.

ಹಾಗಾದರೆ ಏನಾಗಬೇಕು? ಹೊಸ ತಾಲ್ಲೂಕು ಕೇಂದ್ರವಾದ ಕೊಲ್ಹಾರದಲ್ಲಿ ಕಚೇರಿಗಳು ಬಂದಂತೆ ಒಂದು ರಿಪೇರಿ ಶೆಡ್ಡೂ ಬರಲಿ: ಗಟ್ಟಿ ನೆಲ, ಚೈನ್ ಬ್ಲಾಕ್, ಟಾರ್ಕ್ ಪಾನಾ, ಪ್ರೆಸ್, ವೆಲ್ಡಿಂಗ್ ಸೆಟ್ಟು, ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ರೈತ ಬಳಸುವಂಥದ್ದು. ಸಹಕಾರಿ ಸಂಘಗಳಿಗೆ ಇದು ದೊಡ್ಡ ಖರ್ಚಲ್ಲ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್ ಎಂಬ ಒಂದು ವರ್ಷದ ಕೋರ್ಸುಗಳಿವೆ. ಅದೇ ವರ್ಕ್‌ಶಾಪು ಬೇಸಿಗೆಯ ರಜೆಯಲ್ಲಿ ರೈತರಿಗೆ ಹದಿನೈದು ದಿನ ತೆರೆಯಲಿ. ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆ ದಶಕಗಳಿಂದ ಇದೆ. ಅಲ್ಲಿಗೆ ಪ್ರತಿ ಪಂಚಾಯಿತಿಯಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿ ಹೋಗಿಬರಲಿ. ಸಹಾಯಧನದ ಪಟ್ಟಿಯಲ್ಲಿ ಎಂಜಿನ್ ಮರುಕಟ್ಟುವುದಕ್ಕೂ ಒಂದು ಸಾಲು ಸೇರಲಿ.

ಇವೆಲ್ಲ ಬರುವತನಕ ರೈತನ ಕೈಯಲ್ಲೂ ಒಂದು ಆಯುಧವಿದೆ. ಹೊಸದನ್ನು ಕೊಳ್ಳಲೇಬೇಕಾಗಿ ಬಂದವನು ಷೋರೂಮಿನಲ್ಲಿ ಕೂತು, ಚಹ ಕುಡಿಯುವ ಮೊದಲು ನಾಲ್ಕು ಪ್ರಶ್ನೆ ಕೇಳಲಿ. ಇದರ ಸರ್ವಿಸ್ ಪುಸ್ತಕ ಕನ್ನಡದಲ್ಲಿ ಕೊಡುತ್ತೀರಾ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದು ಬರೆದು ಕೊಡುತ್ತೀರಾ? ದೋಷದ ದೀಪ ಹೊತ್ತಿದರೆ ಅದನ್ನು ಓದುವ ಸಾಧನ ನನಗಾಗಲಿ, ನನ್ನೂರ ಮಿಸ್ತ್ರಿಗಾಗಲಿ ಮಾರುತ್ತೀರಾ? ವಾರಂಟಿ ಮುಗಿದ ಮೇಲೆ ನಾನೇ ಬಿಚ್ಚಬೇಕೆಂದರೆ ಯಾವುದಕ್ಕೆ ಬೀಗ ಹಾಕಿಟ್ಟಿದ್ದೀರಿ? ನಾಲ್ಕಕ್ಕೂ ಬರಹದಲ್ಲಿ ಉತ್ತರ ಬರಲಿ. ಬರದಿದ್ದರೆ ಎಷ್ಟೇ ಹಾರ ಹಾಕಿ ನಿಲ್ಲಿಸಿದ್ದರೂ ಆ ಗಾಡಿಗೆ ಮುಂಗಡ ಕೊಡಬೇಡಿ.